ಹಾಲಿನ ಫ್ಯಾಟು ಅಳೆಯುವ ನಾವು ಮಕ್ಕಳ ಹೊಟ್ಟೆ ಸುತ್ತಳತೆ ಅಳೆದಿದ್ದೇವೆಯೇ?

(ಸಂಘದ ರಜತ ಮಹೋತ್ಸವದ ಅಂಗವಾಗಿ ನಡೆದ ಸದಸ್ಯರ ಸಭೆಯಲ್ಲಿ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಹಾಲಿನ ಇಳುವರಿ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದರು. ಅದನ್ನು ಹೇಳೋಕೆ ನಮಗಿಂತ ತಿಳಿದವರು ಇಲ್ಲೇ ಕೂತಿದ್ದಾರೆ. ಆದ್ದರಿಂದ ಅವರ ಒಪ್ಪಿಗೆ ಪಡೆದು ಬೇರೆ ವಿಷಯ ತೆಗೆದುಕೊಂಡಿದ್ದೇವೆ. ನಮ್ಮ ಊರುಗಳ ಹರೆಯದ ಮಕ್ಕಳ ಮೈತೂಕ, ಅವರ ಮೈಯಳತೆ, ಅದರಿಂದ ಬರುವ ರಕ್ತದೊತ್ತಡ, ಅಂದರೆ ನಾವೆಲ್ಲ ಬಿ.ಪಿ. ಅಂತೀವಲ್ಲ, ಅದರ ವಿಚಾರ. ನಾವು ಡಾಕ್ಟರಲ್ಲ. ಓದಿರೋದು ಎಸ್ಸೆಸ್ಸೆಲ್ಸಿ. ಬೇಸಾಯಗಾರರು. ಆದರೆ ಈ ವಿಷಯ ನಮ್ಮ ಮನೆ ಬಾಗಿಲಿಗೇ ಬಂತು. ಬಂದ ಮೇಲೆ ವೈದ್ಯರ ಹತ್ತಿರ ಕೇಳಿ, ಓದಿ ತಿಳಿದುಕೊಂಡದ್ದನ್ನು ಮಾತ್ರ ಹೇಳುತ್ತೇವೆ.

ಬೆಳಗ್ಗೆ ಆರು ಗಂಟೆಗೆ ಡೈರಿ ಮುಂದೆ ನಿಂತರೆ ಏನು ಕಾಣುತ್ತೆ? ಕ್ಯಾನು ಹಿಡಿದು ಸಾಲು. ಪ್ರತಿಯೊಬ್ಬರ ಹಾಲನ್ನೂ ಅಳೆಯುತ್ತೇವೆ. ಫ್ಯಾಟು 3.5 ಬಂತಾ, ಎಸ್.ಎನ್.ಎಫ್. 8.5 ಬಂತಾ ನೋಡುತ್ತೇವೆ. ಒಂದು ಪಾಯಿಂಟು ಕಮ್ಮಿ ಬಂದರೆ ಕಿಟಕಿ ಹತ್ತಿರ ಜಗಳ. "ನೆನ್ನೆ ಅಷ್ಟಿತ್ತು, ಇವತ್ತು ಹೆಂಗೆ ಇಷ್ಟಾಯ್ತು?" ಅಂತ ಕಾರ್ಯದರ್ಶಿಯನ್ನು ನಿಲ್ಲಿಸಿ ಕೇಳುತ್ತೇವೆ. ಹಸುಗೆ ವಿಮೆ ಮಾಡಿಸುವಾಗ ಕಿವಿಗೆ ಓಲೆ ಹಾಕಿ, ಬಣ್ಣ, ವಯಸ್ಸು, ಕೊಂಬು ಎಲ್ಲ ಬರೆಸುತ್ತೇವೆ. ಹೊಗೆಸೊಪ್ಪಿನ ಬೇಲನ್ನು ಹರಾಜು ಕಟ್ಟೆಗೆ ಒಯ್ದರೆ ಕೆ.ಜಿ. ಲೆಕ್ಕ ಬಿಡುವುದಿಲ್ಲ. ಆದರೆ ನಿಮ್ಮ ಹದಿನೈದು ವರ್ಷದ ಮಗನ ಎತ್ತರ ಎಷ್ಟು, ತೂಕ ಎಷ್ಟು, ಹೊಟ್ಟೆ ಸುತ್ತಳತೆ ಎಷ್ಟು ಎಂದು ಕೇಳಿದರೆ ಈ ಸಭೆಯಲ್ಲಿ ಎಷ್ಟು ಕೈ ಮೇಲೇಳುತ್ತವೆ? ಎರಡು ವರ್ಷದ ಹಿಂದೆ ಕೇಳಿದ್ದರೆ ನಮ್ಮ ಕೈಯೂ ಏಳುತ್ತಿರಲಿಲ್ಲ.

ನಮ್ಮ ಎರಡನೇ ಮಗ ಆಗ ಒಂಬತ್ತನೇ ತರಗತಿ. ದುಂಡಗಿದ್ದ. ನಮ್ಮ ಅವ್ವಂಗೆ ಅವನೆಂದರೆ ಪ್ರಾಣ. "ಮಗ ಪುಷ್ಟಿಯಾಗವ್ನೆ, ಯಾರ ಕಣ್ಣೂ ಬೀಳದಿರಲಿ" ಅಂತ ಅಮಾವಾಸ್ಯೆಗೊಂದು ಸಲ ದೃಷ್ಟಿ ತೆಗೆಯೋರು. ಉಡಿದಾರ ವರ್ಷಕ್ಕೆ ಎರಡು ಸಲ ಬಿಗಿಯಾಗಿ ಕಿತ್ತು ಬೇರೆ ಕಟ್ಟುತ್ತಿದ್ದೆವು. ಅದನ್ನೂ ಸಂತೋಷದಿಂದಲೇ ಕಟ್ಟಿದೆವು. ಅವನ ಕುತ್ತಿಗೆ ಹಿಂಭಾಗ ಕಪ್ಪಗೆ, ಮಕಮಲ್ ಬಟ್ಟೆಯ ಹಾಗೆ ದಪ್ಪಗಾಗಿತ್ತು. ಕೊಳೆ ಎಂದುಕೊಂಡು ಅವರಮ್ಮ ಪ್ರತಿ ಭಾನುವಾರ ಕಲ್ಲಿನಲ್ಲಿ ಉಜ್ಜಿ ಉಜ್ಜಿ ಗಾಯ ಮಾಡಿದ್ದರು. ಅದು ಕೊಳೆಯಲ್ಲ, ಮೈಯಲ್ಲಿ ಇನ್ಸುಲಿನ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂಬುದರ ಗುರುತು ಎಂದು ಆಮೇಲೆ ಡಾಕ್ಟರ್ ಹೇಳಿದಾಗ ಆಯಮ್ಮ ಅತ್ತೇಬಿಟ್ಟರು.

ಸರ್ಕಾರದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಅಂತ 2013ರಲ್ಲಿ ಶುರುವಾಯಿತು. ಅದರ ವೈದ್ಯರ ತಂಡ ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬಂದು ಮಕ್ಕಳನ್ನು ನೋಡಬೇಕು ಅಂತ ನಿಯಮ. ಹಾಗೆ ಬಂದವರು ಇವನ ಬಿ.ಪಿ. ನೋಡಿ 138/86 ಎಂದು ಚೀಟಿಯಲ್ಲಿ ಬರೆದು, ದೊಡ್ಡ ಆಸ್ಪತ್ರೆಗೆ ತೋರಿಸಿ ಎಂದು ಕಳಿಸಿದರು. ನಾವು ನಂಬಲಿಲ್ಲ. ಹದಿನೈದು ವರ್ಷದ ಹುಡುಗನಿಗೆ ಬಿ.ಪಿ.ಯೇ? ಅದು ಮುದುಕರಿಗೆ, ಸಾಲಗಾರರಿಗೆ ಬರೋ ಕಾಯಿಲೆ ಎಂದುಕೊಂಡು ಚೀಟಿಯನ್ನು ಗೋಡೆಗೂಡಿನಲ್ಲಿ ಇಟ್ಟೆವು. ಎರಡು ತಿಂಗಳು ಅಲ್ಲೇ ಇತ್ತು.

ಇಲ್ಲಿ ಒಂದು ವಿಷಾದದ ಸಂಗತಿ ಹೇಳಲೇಬೇಕು. ನಮ್ಮ ದೊಡ್ಡಣ್ಣ 46ನೇ ವಯಸ್ಸಿನಲ್ಲಿ ಹೊಗೆಸೊಪ್ಪು ಬೇಯಿಸುವ ಕಾಲದಲ್ಲಿ ಬ್ಯಾರನ್ ಮುಂದೆಯೇ ಲಕ್ವ ಹೊಡೆದು ಬಿದ್ದರು. ಆಸ್ಪತ್ರೆಗೆ ಒಯ್ದಾಗ ಮೇಲಿನ ಬಿ.ಪಿ. 210 ಇತ್ತು. ಅದಕ್ಕೆ ಮುಂಚೆ ಅವರ ತೋಳಿಗೆ ಒಂದು ಸಲವೂ ಪಟ್ಟಿ ಸುತ್ತಿ ನೋಡಿದವರಿಲ್ಲ. ನಾಲ್ಕು ದಿನ ಇದ್ದರು. ಅವರ ವರ್ಷದ ತಿಥಿಯ ದಿನ ಗೋಡೆಗೂಡಿನಿಂದ ಊದುಬತ್ತಿ ತೆಗೆಯಲು ಹೋದಾಗ ಮಗನ ಚೀಟಿ ಕೈಗೆ ಸಿಕ್ಕಿತು. ಮಾರನೇ ದಿನವೇ ಹೊರಟೆವು.

ಮೊದಲು ಹೋದದ್ದು ಆಸ್ಪತ್ರೆಗಲ್ಲ, ಬಸ್ ಸ್ಟ್ಯಾಂಡ್ ಹತ್ತಿರದ ಒಂದು ಔಷಧಿ ಅಂಗಡಿಗೆ. ಅಲ್ಲಿ ಮಿಷನ್ನಿನಲ್ಲಿ 152/96 ಬಂತು. ಅಂಗಡಿಯವರು ಮಾತ್ರೆ ಕೊಡುತ್ತೇನೆಂದರು. ಎದೆ ಒಡೆದ ಹಾಗಾಯಿತು. ಪುಣ್ಯಕ್ಕೆ ಮಾತ್ರೆ ತೆಗೆದುಕೊಳ್ಳದೆ ಸರ್ಕಾರಿ ಆಸ್ಪತ್ರೆಗೆ ಹೋದೆವು. ಅಲ್ಲಿನ ವೈದ್ಯರು ಮೊದಲು ಮಾಡಿದ ಕೆಲಸ ಹುಡುಗನ ತೋಳಿನ ಸುತ್ತಳತೆ ತೆಗೆದದ್ದು. ಇಂಥ ತೋಳಿಗೆ ಸಾಮಾನ್ಯ ಪಟ್ಟಿ ಸಾಲದು ಎಂದು ಅಗಲದ ಪಟ್ಟಿ ತರಿಸಿದರು. ಪಟ್ಟಿಯೊಳಗೆ ಗಾಳಿ ತುಂಬುವ ಚೀಲ ತೋಳಿನ ಸುತ್ತಿನ ನೂರಕ್ಕೆ ಎಂಬತ್ತು ಭಾಗವನ್ನಾದರೂ ಸುತ್ತಬೇಕಂತೆ, ಅಗಲ ನೂರಕ್ಕೆ ನಲವತ್ತು ಭಾಗ ಇರಬೇಕಂತೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಇಲ್ಲದ ಬಿ.ಪಿ. ತೋರಿಸುತ್ತೆ. ಹುಡುಗನನ್ನು ಐದು ನಿಮಿಷ ಸುಮ್ಮನೆ ಕೂರಿಸಿ, ಬೆನ್ನಿಗೆ ಆಸರೆ ಕೊಟ್ಟು, ತೋಳನ್ನು ಎದೆಯ ಮಟ್ಟಕ್ಕೆ ಇಟ್ಟು, ಮಾತಾಡಿಸದೆ ನೋಡಿದರು. 136/84. "ಇವತ್ತಿನದು ಲೆಕ್ಕಕ್ಕಿಲ್ಲ, ಇನ್ನೂ ಎರಡು ಸಲ ಬೇರೆ ಬೇರೆ ದಿನ ಬನ್ನಿ" ಎಂದರು. ಆ ಎರಡು ಸಲವೂ 130ರ ಮೇಲೇ ಬಂತು. ಆಗಲೇ ಅವರು ರಕ್ತದೊತ್ತಡ ಇದೆ ಎಂದು ಬರೆದದ್ದು.

ಡೈರಿಯವರಿಗೆ ಇದು ಹೊಸ ಮಾತಲ್ಲ. ಸ್ಯಾಂಪಲ್ ಸರಿಯಾಗಿ ಕಲಕದೆ ತೆಗೆದರೆ ಫ್ಯಾಟು ತಪ್ಪು ಬರೋದಿಲ್ಲವೇ? ಹಾಗೇ ಇದೂ.

ಲೆಕ್ಕ ಏನು ಅಂದರೆ, ಹದಿಮೂರು ವರ್ಷ ದಾಟಿದ ಮಕ್ಕಳಿಗೆ ಮೇಲಿನದು 120ಕ್ಕಿಂತ ಕಡಿಮೆ, ಕೆಳಗಿನದು 80ಕ್ಕಿಂತ ಕಡಿಮೆ ಇದ್ದರೆ ಸರಿ. ಮೇಲಿನದು 120ರಿಂದ 129 ಇದ್ದರೆ ಎಚ್ಚರಿಕೆ. 130/80 ದಾಟಿ ಮೂರು ಬೇರೆ ಬೇರೆ ಭೇಟಿಯಲ್ಲೂ ಹಾಗೇ ಬಂದರೆ ರಕ್ತದೊತ್ತಡ. 140/90 ದಾಟಿದರೆ ಎರಡನೇ ಹಂತ. ಅಮೆರಿಕದ ಮಕ್ಕಳ ವೈದ್ಯರ ಸಂಘ 2017ರಲ್ಲಿ ಹೊರಡಿಸಿದ ಮಟ್ಟ ಇದು. ಹದಿಮೂರಕ್ಕಿಂತ ಚಿಕ್ಕವರಿಗೆ ಎತ್ತರ, ವಯಸ್ಸು, ಗಂಡೋ ಹೆಣ್ಣೋ ನೋಡಿ ಬೇರೆ ಪಟ್ಟಿ ಇದೆ, ಅದನ್ನು ವೈದ್ಯರೇ ನೋಡಬೇಕು.

ಇನ್ನು ಮೈಯಳತೆ. ಮಗ ಆವತ್ತು 160 ಸೆಂಟಿಮೀಟರ್ ಎತ್ತರ, 77 ಕೆ.ಜಿ. ತೂಕ. ಎತ್ತರವನ್ನು ಮೀಟರಿನಲ್ಲಿ ಬರೆದು ಅದನ್ನು ಅದರಿಂದಲೇ ಗುಣಿಸಬೇಕು, 1.6ನ್ನು 1.6ರಿಂದ ಗುಣಿಸಿದರೆ 2.56. ತೂಕವನ್ನು ಅದರಿಂದ ಭಾಗಿಸಿದರೆ 30. ಇದಕ್ಕೆ ಬಿ.ಎಂ.ಐ. ಎನ್ನುತ್ತಾರೆ. ಈ ಲೆಕ್ಕವನ್ನು ಬೆಲ್ಜಿಯಂ ದೇಶದ ಕ್ವೆಟ್ಲೆ ಎಂಬ ಗಣಿತದವರು 1830ರ ದಶಕದಲ್ಲಿ ಹಾಕಿದ್ದಂತೆ. ದೊಡ್ಡವರಿಗೆ ನಮ್ಮ ದೇಶದಲ್ಲಿ 23 ದಾಟಿದರೆ ಜಾಸ್ತಿ ತೂಕ, 25 ದಾಟಿದರೆ ಬೊಜ್ಜು. ಮಕ್ಕಳಿಗೆ ಹಾಗೆ ಒಂದೇ ಸಂಖ್ಯೆ ಇಲ್ಲ, ವಯಸ್ಸಿನ ಜೊತೆ ಗೆರೆ ಮೇಲೇರುತ್ತೆ. ಭಾರತದ ಮಕ್ಕಳ ವೈದ್ಯರ ಸಂಘ 2015ರಲ್ಲಿ 5ರಿಂದ 18 ವರ್ಷದವರಿಗೆ ನಕ್ಷೆ ಮಾಡಿದೆ. ಅದರಲ್ಲಿ ನಮ್ಮ ಹುಡುಗ ಎಲ್ಲಾ ಗೆರೆಯ ಮೇಲಿದ್ದ.

ಆದರೆ ಬಿ.ಎಂ.ಐ. ಒಂದನ್ನೇ ನಂಬಿದರೂ ಮೋಸ. ನಮ್ಮ ಸೀಮೆಯಲ್ಲಿ ಗರಡಿ ಹುಡುಗರಿದ್ದಾರೆ, ದಸರಾ ಕುಸ್ತಿಗೆ ಹೋಗೋರು. ತೂಕ ಹಾಕಿದರೆ ಬಿ.ಎಂ.ಐ. 26, 27 ಬರಬಹುದು. ಅದು ಮಾಂಸಖಂಡ, ಕೊಬ್ಬಲ್ಲ. ಹೊಟ್ಟೆ ಹಲಗೆಯಂತಿರುತ್ತೆ. ಇನ್ನೊಂದು ಕಡೆ ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಮುಂದೆ ಬಂದ ಹುಡುಗರು. ತೂಕದಲ್ಲಿ ಸರಿ ಕಾಣುತ್ತಾರೆ, ಅಪಾಯ ಒಳಗಿರುತ್ತೆ. ಅದಕ್ಕೇ ಹೊಟ್ಟೆ ಸುತ್ತಳತೆ ನೋಡಬೇಕು ಅನ್ನೋದು. ಪಕ್ಕೆಯ ಕೊನೆ ಮೂಳೆ ಮತ್ತು ಸೊಂಟದ ಮೂಳೆಯ ಮೇಲಂಚು, ಇವೆರಡರ ಮಧ್ಯಕ್ಕೆ ಸರಿಯಾಗಿ, ಉಸಿರು ಬಿಟ್ಟಾಗ, ಟೇಪನ್ನು ಬಿಗಿ ಮಾಡದೆ ಸುತ್ತಬೇಕು. ಬಟ್ಟೆ ಮೇಲೆ ಅಳೆಯಬಾರದು. ಎತ್ತರದ ಅರ್ಧಕ್ಕಿಂತ ಹೊಟ್ಟೆ ಸುತ್ತಳತೆ ಕಡಿಮೆ ಇರಬೇಕು, ಮಕ್ಕಳಿಗೂ ಇದೇ, ದೊಡ್ಡವರಿಗೂ ಇದೇ. ಟೇಪು ಇಲ್ಲದವರು ಹೀಗೆ ಮಾಡಿ: ಮಗುವಿನ ತಲೆಯಿಂದ ಹಿಮ್ಮಡಿವರೆಗೆ ಒಂದು ದಾರ ಅಳೆದು ಕತ್ತರಿಸಿ, ಅದನ್ನು ಎರಡಾಗಿ ಮಡಿಸಿ ಹೊಟ್ಟೆಗೆ ಸುತ್ತಿ. ತುದಿ ತುದಿ ಮುಟ್ಟಿದರೆ ಸರಿ, ಮುಟ್ಟದಿದ್ದರೆ ಡಾಕ್ಟರ್ ಹತ್ತಿರ ಹೋಗಿ. ನಮ್ಮ ಮಗನಿಗೆ 80ಕ್ಕಿಂತ ಕಡಿಮೆ ಇರಬೇಕಿತ್ತು, ಇದ್ದದ್ದು 96.

ಹೊಟ್ಟೆಯ ಕೊಬ್ಬಿಗೂ ಬಿ.ಪಿ.ಗೂ ಏನು ಸಂಬಂಧ ಎಂದು ನಾವೂ ಕೇಳಿದೆವು. ನಮಗೆ ಅರ್ಥವಾದ ಹಾಗೆ ಹೇಳುತ್ತೇವೆ. ಮೂರು ಎಚ್.ಪಿ. ಮೋಟರು ಒಂದು ಎಕರೆಗೆ ಹಾಕಿದ್ದು. ಅದೇ ಮೋಟರಿಗೆ ಇನ್ನೊಂದು ಎಕರೆ ಪೈಪು ಸೇರಿಸಿದರೆ ಏನಾಗುತ್ತೆ? ಮೋಟರು ಕಾಯುತ್ತೆ. ಮೈಯಲ್ಲಿ ಸೇರಿದ ಪ್ರತಿ ಕೆ.ಜಿ. ಕೊಬ್ಬಿಗೂ ರಕ್ತ ಹೋಗಬೇಕು, ಹೃದಯ ಜಾಸ್ತಿ ದುಡಿಯಬೇಕು. ಇದು ಅರ್ಧ. ಇನ್ನರ್ಧ ಮೂತ್ರಪಿಂಡದ್ದು. ಹೊಟ್ಟೆಯೊಳಗಿನ ಕೊಬ್ಬು ಸುಮ್ಮನೆ ಕೂರುವ ಮೂಟೆಯಲ್ಲ. ಅದರಿಂದ ಮೈಯಲ್ಲಿ ಇನ್ಸುಲಿನ್ ಏರುತ್ತೆ, ನರಗಳು ಕೆರಳುತ್ತವೆ, ಮೂತ್ರಪಿಂಡ ಉಪ್ಪನ್ನು ಹೊರಹಾಕದೆ ಹಿಡಿದುಕೊಳ್ಳುತ್ತೆ. ಉಪ್ಪು ನಿಂತರೆ ನೀರು ನಿಲ್ಲುತ್ತೆ, ಪೈಪಿನಲ್ಲಿ ಒತ್ತಡ ಏರುತ್ತೆ. ತಲೆನೋವು, ಸುಸ್ತು ಏನೂ ಇರೋದಿಲ್ಲ. ಹುಡುಗ ಕ್ರಿಕೆಟ್ ಆಡಿಕೊಂಡೇ ಇರುತ್ತಾನೆ. ಒಳಗೆ ಹೃದಯದ ಗೋಡೆ ದಪ್ಪವಾಗುತ್ತಾ ಹೋಗುತ್ತೆ. ಹರೆಯದಲ್ಲಿ ಬಂದ ಬಿ.ಪಿ. ದೊಡ್ಡವರಾದ ಮೇಲೂ ಜೊತೆಗೇ ಬರುವುದು ಜಾಸ್ತಿ.

ಅಳತೆ ಬರೆದಿಟ್ಟರೆ ಏನು ಪ್ರಯೋಜನ ಎಂದು ಕೇಳುವವರಿಗೆ ನಮ್ಮ ಮೈಸೂರಿನದೇ ಉದಾಹರಣೆ ಇದೆ, ಬಹಳ ಜನಕ್ಕೆ ಗೊತ್ತಿಲ್ಲ. ಮೈಸೂರಿನ ಮಿಷನ್ ಆಸ್ಪತ್ರೆ, ಹೋಲ್ಡ್ಸ್‌ವರ್ತ್ ಆಸ್ಪತ್ರೆ ಅಂತೀವಲ್ಲ, ಅಲ್ಲಿ 1934ರಿಂದ ಹುಟ್ಟಿದ ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಪುಸ್ತಕದಲ್ಲಿ ಬರೆದಿಟ್ಟಿದ್ದರು. ಆಗಿನ ದಾದಿಯರಿಗೆ ಇದು ಯಾತಕ್ಕೆ ಬರುತ್ತೆ ಅಂತ ಏನು ಗೊತ್ತಿತ್ತು? ಅರವತ್ತು ವರ್ಷದ ಮೇಲೆ ವೈದ್ಯರು ಆ ಪುಸ್ತಕ ತೆಗೆದು, ಅದೇ ಜನರನ್ನು ಮೈಸೂರಿನ ಬೀದಿಗಳಲ್ಲಿ ಹುಡುಕಿ ಪರೀಕ್ಷೆ ಮಾಡಿದರು. ಹುಟ್ಟುವಾಗ ಸಣ್ಣಗಿದ್ದವರಲ್ಲಿ ಹೃದಯದ ಕಾಯಿಲೆ ಹೆಚ್ಚು ಎಂದು ಕಂಡಿತು. 1996ರಲ್ಲಿ ಇಂಗ್ಲೆಂಡಿನ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಅದು ಅಚ್ಚಾಯಿತು. ಆಮೇಲೆ 1997-98ರಲ್ಲಿ ಅದೇ ಆಸ್ಪತ್ರೆಗೆ ಬಂದ ಎಂಟುನೂರಕ್ಕೂ ಹೆಚ್ಚು ಗರ್ಭಿಣಿಯರಿಗೆ ಸಕ್ಕರೆ ಪರೀಕ್ಷೆ ಮಾಡಿ, ಅವರ ಮಕ್ಕಳು ಬೆಳೆದ ಹಾಗೆಲ್ಲ ಅಳೆಯುತ್ತಾ ಬಂದರು. ಡಾ. ಜಿ.ವಿ. ಕೃಷ್ಣವೇಣಿ ಮತ್ತು ಅವರ ಜೊತೆಯವರು ಮಾಡಿದ ಕೆಲಸ. ಚರ್ಮವನ್ನು ಚಿಮಟದಂಥ ಸಾಧನದಲ್ಲಿ ಹಿಡಿದು ಅದರಡಿಯ ಕೊಬ್ಬನ್ನೂ ಅಳೆದರು. ಬಸುರಿನಲ್ಲಿ ಸಕ್ಕರೆ ಕಾಯಿಲೆ ಇದ್ದ ತಾಯಂದಿರ ಮಕ್ಕಳಲ್ಲಿ ಕೊಬ್ಬು ಹೆಚ್ಚು ಕಂಡಿತು. ತಾಯಂದಿರೇ, ಬಸುರಿಯರಿಗೆ ಸಕ್ಕರೆ ಪರೀಕ್ಷೆ ಬೇಡ ಅನ್ನಬೇಡಿ. ಮಗುವಿನ ಲೆಕ್ಕ ಅಲ್ಲಿಂದಲೇ ಶುರು.

ದೇಶದ ಲೆಕ್ಕ ಬೇಕಾದರೆ, 2016-18ರ ರಾಷ್ಟ್ರೀಯ ಪೋಷಣಾ ಸಮೀಕ್ಷೆಯಲ್ಲಿ 10ರಿಂದ 19 ವರ್ಷದವರಲ್ಲಿ ನೂರಕ್ಕೆ 24 ಮಂದಿ ತೀರ ಸಣಕಲು, ನೂರಕ್ಕೆ 5 ಮಂದಿ ಅತಿ ತೂಕ. ಅಂದರೆ ಎರಡು ಕಷ್ಟವೂ ಒಟ್ಟಿಗೇ ಇವೆ. ಎಚ್.ಡಿ. ಕೋಟೆಯಿಂದ ಬಂದವರು ಊಟಕ್ಕೆ ಕೂತಾಗ "ನಮ್ಮ ಹಾಡಿ ಮಕ್ಕಳಿಗೆ ತಿನ್ನೋಕಿಲ್ಲ, ನೀವು ಬೊಜ್ಜಿನ ಭಾಷಣ ಮಾಡ್ತೀರಾ" ಅಂದರು. ಅವರ ಮಾತು ನ್ಯಾಯ. ಸಣಕಲು ಮಗುವಿಗೂ ಅಳತೆ ಬೇಕು, ಬೊಜ್ಜಿನ ಮಗುವಿಗೂ ಬೇಕು. ಆದರೆ ಹಾಡಿಯ ಪಕ್ಕದ ಪೆಟ್ಟಿಗೆ ಅಂಗಡಿಯಲ್ಲೂ ಐದು ರೂಪಾಯಿ, ಹತ್ತು ರೂಪಾಯಿ ಚಿಪ್ಸ್ ಪೊಟ್ಟಣ ನೇತಾಡುತ್ತಿವೆ ಎಂಬುದನ್ನೂ ಅವರು ಒಪ್ಪಿದರು.

ನಮ್ಮ ಕಾಲದಲ್ಲಿ ಶಾಲೆಗೆ ಮೂರು ಮೈಲಿ ನಡೆದೆವು. ಬಂದು ದನ ಬಿಟ್ಟೆವು, ಹುಲ್ಲು ಕೊಯ್ದೆವು. ಈಗ ವ್ಯಾನು ಮನೆ ಮುಂದೆ ಬರುತ್ತೆ. "ಓದೋ ಮಕ್ಕಳು ಹೊಲಕ್ಕೆ ಬರೋದು ಬೇಡ" ಎಂದವರು ನಾವೇ. (ಹೊಗೆಸೊಪ್ಪಿನ ಕೆಲಸಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ ಅಂತ ಯಾರೂ ಅರ್ಥ ಮಾಡಿಕೊಳ್ಳಬಾರದು. ಹಸಿ ಸೊಪ್ಪಿನ ನಂಜು ಚರ್ಮದಿಂದ ಮೈಗೆ ಇಳಿಯುತ್ತೆ, ಮಕ್ಕಳಿಗೆ ಅದು ಬೇಡವೇ ಬೇಡ.) ಸೊಪ್ಪಿನ ದುಡ್ಡು ಬಂದ ವಾರ ಬೇಕರಿಯಲ್ಲಿ ಕಾಲಿಡೋಕೆ ಜಾಗ ಇರೋದಿಲ್ಲ. ಪಫ್ಸು, ಗೋಬಿ ಮಂಚೂರಿ, ಬಾಟಲಿ ಜ್ಯೂಸು. ಪ್ರೀತಿ ತೋರಿಸೋಕೆ ನಮಗೆ ಬೇರೆ ದಾರಿ ಗೊತ್ತಿಲ್ಲ.

ಮಗನಿಗೆ ವೈದ್ಯರು ಮೂತ್ರ, ರಕ್ತ ಪರೀಕ್ಷೆ ಮಾಡಿಸಿ ಮೂತ್ರಪಿಂಡದ ತೊಂದರೆ ಇಲ್ಲ ಎಂದು ಖಾತ್ರಿ ಮಾಡಿಕೊಂಡರು. ಮಾತ್ರೆ ಕೊಡಲಿಲ್ಲ. "ಉಪವಾಸ ಕೆಡವಬೇಡಿ, ಬೆಳೆಯೋ ಹುಡುಗ. ತೂಕ ಏರದ ಹಾಗೆ ನೋಡಿಕೊಂಡರೂ ಸಾಕು, ಎತ್ತರ ಬಂದ ಹಾಗೆ ಸರಿಹೋಗುತ್ತೆ" ಎಂದರು. ಮನೆಯಲ್ಲಿ ಮಾಡಿದ್ದು ದೊಡ್ಡ ವಿದ್ಯೆಯಲ್ಲ. ಮುದ್ದೆ ನಿಲ್ಲಿಸಲಿಲ್ಲ. ಎರಡು ಮುದ್ದೆ ಉಂಡ ಮೇಲೆ ತಟ್ಟೆ ತುಂಬ ಅನ್ನ ಹಾಕಿಸಿಕೊಳ್ಳುತ್ತಿದ್ದನಲ್ಲ, ಅದು ನಿಂತಿತು. ಬಸ್ಸಾರಿನ ಸೊಪ್ಪು, ಹುರುಳಿ, ಅಲಸಂದೆ ಜಾಸ್ತಿಯಾಯಿತು. ಉಪ್ಪಿನಕಾಯಿ, ಹಪ್ಪಳ ತಟ್ಟೆಯಿಂದ ಕೆಳಗಿಳಿದವು. ಒಬ್ಬರಿಗೆ ದಿನಕ್ಕೆ ಐದು ಗ್ರಾಂ ಉಪ್ಪು, ಒಂದು ಸಣ್ಣ ಚಮಚ, ಅಷ್ಟೇ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ. ನಮ್ಮ ಮನೆಯಲ್ಲಿ ತಿಂಗಳಿಗೆ ಖರ್ಚಾಗುವ ಉಪ್ಪಿನ ಪೊಟ್ಟಣ ಎಣಿಸಿ ತಲೆಗೆ ಹಂಚಿದಾಗ ಎರಡರಷ್ಟಿಗಿಂತ ಜಾಸ್ತಿ ಬಂತು. ಬೆಳಗ್ಗೆ ಡೈರಿಗೆ ಕ್ಯಾನು ಹೊತ್ತು ಬರುವ ಕೆಲಸ ಅವನದಾಯಿತು, ಬೈಕಿಲ್ಲದೆ. ಅವ್ವ ಎರಡು ತಿಂಗಳು ನಮ್ಮ ಜೊತೆ ಮಾತು ಬಿಟ್ಟಿದ್ದರು, "ಮಗೀನ ಒಣಗಿಸಿಬಿಟ್ರಿ" ಅಂತ. ಕದ್ದು ಬೆಲ್ಲದ ಮಿಠಾಯಿ ಕೊಡೋರು, ಅದೂ ಗೊತ್ತಿತ್ತು, ಸುಮ್ಮನಿದ್ದೆವು.

ಎಂಟು ತಿಂಗಳಿಗೆ ಎತ್ತರ 163, ತೂಕ 73, ಹೊಟ್ಟೆ 89, ಬಿ.ಪಿ. 126/78. ಇನ್ನೂ ಎಚ್ಚರಿಕೆಯ ಸಾಲಿನಲ್ಲೇ ಇದ್ದಾನೆ. ಕುತ್ತಿಗೆಯ ಕಪ್ಪು ಸ್ವಲ್ಪ ತಿಳಿಯಾಗಿದೆ.

ಈಗ ಸಂಘದ ತಪ್ಪೊಂದನ್ನು ಒಪ್ಪಿಕೊಳ್ಳಬೇಕು. ನಮ್ಮ ಮಗನ ವಿಚಾರ ತಿಳಿದ ಮೇಲೆ ಹುರುಪಿನಲ್ಲಿ, ಹೋದ ವರ್ಷ ಸಂಘದ ಮುಂದೆ ಹೈಸ್ಕೂಲು ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಪಶು ಆಹಾರದ ಮೂಟೆ ತೂಗುವ ತಕ್ಕಡಿಯ ಮೇಲೆ ಹತ್ತಿಸಿದೆವು. ತೂಕವನ್ನು ಗಟ್ಟಿಯಾಗಿ ಕೂಗಿ ಹೇಳಿದೆವು. ಹುಡುಗರು ನಕ್ಕರು. "ಹಿಂಡಿ ಮೂಟೆ" ಅಂದರು. ಹತ್ತನೇ ತರಗತಿಯ ಒಬ್ಬ ಹೆಣ್ಣುಮಗಳು ಅಳುತ್ತಾ ಮನೆಗೆ ಓಡಿದಳು, ಮೂರು ದಿನ ಶಾಲೆಗೆ ಹೋಗಲಿಲ್ಲ. ಅವಳ ತಂದೆ ನಮ್ಮ ಸಂಘದ ಸದಸ್ಯರು, ಇಲ್ಲೇ ಕೂತಿದ್ದಾರೆ. ಅವರ ಮನೆಗೆ ಹೋಗಿ ತಪ್ಪಾಯಿತು ಎಂದು ಕೇಳಿಕೊಂಡಿದ್ದೇವೆ, ಈ ಸಭೆಯಲ್ಲೂ ಕೇಳಿಕೊಳ್ಳುತ್ತೇವೆ. ಡುಮ್ಮ, ಗುಂಡ ಅಂತ ಹೆಸರಿಟ್ಟು ಕರೆದರೆ ಆ ಮಗು ಆಟದ ಬಯಲಿಗೆ ಬರೋದನ್ನೇ ಬಿಡುತ್ತೆ. ಅಲ್ಲಿಗೆ ಇನ್ನೂ ಐದು ಕೆ.ಜಿ. ಸೇರುತ್ತೆ.

ಇನ್ನೊಂದು ಮಾತು. ಮನೆಮನೆಗೆ ಬಂದು ಬಿ.ಪಿ., ಸಕ್ಕರೆ ನೋಡುವ ಸರ್ಕಾರಿ ತಪಾಸಣೆ ಮೂವತ್ತು ವರ್ಷ ದಾಟಿದವರಿಗೆ. ಸಹಕಾರಿಗಳಿಗಾಗಿ 2003ರಲ್ಲಿ ಶುರುವಾಗಿ, ನಡುವೆ ನಿಂತು, 2022-23ರಲ್ಲಿ ಮತ್ತೆ ಬಂದ ಯಶಸ್ವಿನಿ ಯೋಜನೆ ಮುಖ್ಯವಾಗಿ ಆಪರೇಷನ್ನಿಗೆ. ಅದು ಬೇಕು, ಎಲ್ಲರೂ ಸೇರಿ. ಆದರೆ ಕಾಯಿಲೆ ಮುದುರಿ ಆಪರೇಷನ್ನಿಗೆ ಬರುವ ಮುಂಚಿನ ಮೂವತ್ತು ವರ್ಷ ಯಾರ ಪುಸ್ತಕದಲ್ಲಿದೆ? ಶಾಲೆಗೆ ಬರುವ ತಂಡ ಒಂದೇ. ಅದರ ಚೀಟಿಯನ್ನು ನಮ್ಮ ಹಾಗೆ ಗೋಡೆಗೂಡಿಗೆ ಸೇರಿಸಬೇಡಿ. ಹರೆಯದವರಿಗೆಂದೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸ್ನೇಹ ಕ್ಲಿನಿಕ್ ಇದೆ, ಮಕ್ಕಳು ತಾವಾಗಿಯೇ ಹೋಗಿ ಕೇಳಬಹುದು.

ಆಡಳಿತ ಮಂಡಳಿ ಈ ರಜತ ವರ್ಷದಲ್ಲಿ ಧರ್ಮನಿಧಿಯ ಹಣದಲ್ಲಿ ಮನುಷ್ಯರ ತೂಕದ ಯಂತ್ರ, ಎತ್ತರ ಅಳೆಯುವ ಗೋಡೆಪಟ್ಟಿ, ಎರಡು ಟೇಪು, ಮೂರು ಅಳತೆಯ ಪಟ್ಟಿಗಳಿರುವ ಬಿ.ಪಿ. ಯಂತ್ರ ಕೊಂಡಿದೆ. ಡೈರಿಯ ಹಿಂದಿನ ಕೋಣೆಗೆ ಪರದೆ ಹಾಕಿಸಿದೆ. ತಿಂಗಳ ಮೊದಲನೇ ಭಾನುವಾರ ಬೆಳಗ್ಗೆ ಹಾಲು ಹಾಕಿದ ಮೇಲೆ ಹತ್ತರಿಂದ ಹದಿನೆಂಟು ವರ್ಷದ ಮಕ್ಕಳನ್ನು ಕರೆದುಕೊಂಡು ಬನ್ನಿ. ಹೆಣ್ಣುಮಕ್ಕಳನ್ನು ಅಳೆಯಲು ಆಶಾ ಕಾರ್ಯಕರ್ತೆಯರು ಬರಲು ಒಪ್ಪಿದ್ದಾರೆ, ಗಂಡುಮಕ್ಕಳಿಗೆ ನಾವಿದ್ದೇವೆ. ಒಳಗೆ ಒಂದು ಮಗು, ಒಬ್ಬರು ಹಿರಿಯರು, ಅಷ್ಟೇ. ಅಂಕಿಯನ್ನು ಕೂಗುವುದಿಲ್ಲ, ಪುಸ್ತಕದಲ್ಲಿ ಬರೆದು ಚೀಟಿ ಕೊಡುತ್ತೇವೆ. 130 ಬಂದರೆ ಗಾಬರಿ ಬೇಡ, ಮಾತ್ರೆಯೂ ಬೇಡ, ನೇರ ವೈದ್ಯರ ಹತ್ತಿರ. ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆಯ ಸಂಘದವರು ಪುಸ್ತಕದ ನಮೂನೆ ಬೇಕೆಂದರೆ ಕಾರ್ಯದರ್ಶಿಗಳ ಹತ್ತಿರ ಪ್ರತಿ ಇದೆ, ಊಟ ಮುಗಿಸಿ ಹೋಗುವಾಗ ತೆಗೆದುಕೊಳ್ಳಬಹುದು.

ಊಟಕ್ಕೆ ಹೊತ್ತಾಯಿತು. ಇವತ್ತು ಹಪ್ಪಳ ಇಲ್ಲ, ಅಡುಗೆಯವರನ್ನು ಬಯ್ಯಬೇಡಿ, ಹೇಳಿದ್ದು ನಾವು.